ಚೈನು ಪದೇ ಪದೇ ತುಂಡಾಗ್ತಿದೆಯಾ? ಮುರಿದ ಕೊಂಡಿ ಬಿಸಾಡಬೇಡಿ

ಮುಳ್ಳಯ್ಯನಗಿರಿ ಏರು ಹತ್ತುವಾಗ ನನ್ನ ಮೌಂಟೇನ್ ಬೈಕಿನ ಚೈನು ಒಂದೇ ತಿಂಗಳಲ್ಲಿ ಮೂರು ಸಲ ತುಂಡಾಯಿತು. ಎದ್ದು ನಿಂತು ತುಳಿಯುತ್ತಿದ್ದೆ. ಟಣ್ ಅಂತ ಸದ್ದು, ಮರುಕ್ಷಣ ಪೆಡಲ್ ಖಾಲಿ ತಿರುಗಿ ಮೊಣಕಾಲು ಹ್ಯಾಂಡಲ್‌ಗೆ ಬಡಿಯಿತು. ಮೊದಲೆರಡು ಸಲ ಸುಮ್ನೆ ಹೊಸ ಚೈನು ಹಾಕಿಸಿದೆ. ಮೂರನೇ ಸಲ ಮುರಿದ ಕೊಂಡಿಯನ್ನು ಅಂಗೈಲಿಟ್ಟು ನೋಡಿದೆ. ಪಿನ್ ನೆಟ್ಟಗಿತ್ತು. ಕೊಂಡಿಯ ಹೊರಬದಿಯ ಲೋಹದ ಪಟ್ಟಿ, ಅಂದರೆ ಹೊರಪಟ್ಟಿ ಮಾತ್ರ ಪಿನ್ನಿನ ತುದಿಯಿಂದ ಕಳಚಿ ಬಾಗಿತ್ತು.

ನೀವೂ ಮೊದಲು ಇದನ್ನೇ ನೋಡಿ. ಪಟ್ಟಿ ಪಿನ್ನಿನಿಂದ ಕಳಚಿದ್ದರೆ, ಅದೂ ಚೈನು ಜೋಡಿಸಿದ ಜಾಗದಲ್ಲೇ ಆಗಿದ್ದರೆ, ತಪ್ಪು ಜೋಡಣೆಯಲ್ಲಿದೆ. ಕಾರ್ಖಾನೆಯಲ್ಲಿ ಪಿನ್ನಿನ ತುದಿಯನ್ನು ಒತ್ತಿ ಅಗಲ ಮಾಡಿರುತ್ತಾರೆ. ಚೈನ್ ಕಟರ್ (ಪಿನ್ ತಳ್ಳುವ ಸಾಧನ) ಹಾಕಿ ಹೊರಗೆ ತಳ್ಳಿದರೆ ಆ ಉಬ್ಬು ಕೆರೆದುಹೋಗುತ್ತದೆ. ಅದೇ ಪಿನ್ನನ್ನು ವಾಪಸ್ ಹೊಡೆದರೆ ಹಿಡಿತ ಇರುವುದಿಲ್ಲ. ಗೇರಿಲ್ಲದ ಸೈಕಲ್ಲಿನ ದಪ್ಪ ಚೈನಿಗೆ ಇದು ನಡೆಯುತ್ತಿತ್ತು, ಈಗಿನ ತೆಳು ಚೈನಿಗೆ ನಡೆಯುವುದಿಲ್ಲ. ನನ್ನದಕ್ಕೆ ಆಗಿದ್ದೂ ಇದೇ.

ಇದಕ್ಕೆ ಮದ್ದು ಕ್ವಿಕ್ ಲಿಂಕ್, ಅಂದರೆ ಎರಡು ತುಂಡಾಗಿ ಬಂದು ಒಂದಕ್ಕೊಂದು ಸಿಕ್ಕಿಕೊಳ್ಳುವ ಜೋಡಣೆ ಕೊಂಡಿ. ಅದರ ಎರಡು ತುಂಡುಗಳನ್ನು ಚೈನಿನ ಎರಡು ತುದಿಗೆ ಎದುರುಬದುರು ಸೇರಿಸಿ, ಪೆಡಲ್ ತಿರುಗಿಸಿ ಆ ಕೊಂಡಿಯನ್ನು ಚೈನಿನ ಮೇಲ್ಭಾಗಕ್ಕೆ ತನ್ನಿ. ಹಿಂದಿನ ಬ್ರೇಕ್ ಹಿಡಿದು ಪೆಡಲ್ ಗಟ್ಟಿಯಾಗಿ ಒತ್ತಿ. ಟಕ್ ಅಂದರೆ ಕೂತಿತು. ಲಿಂಕ್ ನಿಮ್ಮ ಚೈನಿನದ್ದೇ ಆಗಿರಬೇಕು. ಹಿಂದೆ 8 ಗೇರು ಇರುವ ಚೈನಿನ ಅಗಲ ಸುಮಾರು 7 ಮಿ.ಮೀ., 12 ಗೇರಿನದು ಸುಮಾರು 5.3. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಪಟ್ಟಿ ತಿರುಚಿಕೊಂಡಿದೆಯಾ? ಹಾಗಿದ್ದರೆ ಗೇರ್ ಬದಲಿಸುವ ರೀತಿ ಗಮನಿಸಿ. ಏರಿನ ನಡುವೆ ಪೂರ್ತಿ ಬಲ ಹಾಕಿ ತುಳಿಯುತ್ತಲೇ ಗೇರ್ ಒತ್ತಿದರೆ, ಚೈನು ಅಡ್ಡಕ್ಕೆ ವಾಲಿದ ಹೊತ್ತಲ್ಲೇ ಇಡೀ ಭಾರ ಅದರ ಮೇಲೆ ಬೀಳುತ್ತದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ತಡವಾಯಿತಾ, ಅರ್ಧ ಸುತ್ತು ಹಗುರವಾಗಿ ತುಳಿದು ಬದಲಿಸಿ. ಇಷ್ಟು ಅಭ್ಯಾಸ ಮಾಡಿಕೊಂಡರೆ ಚೈನಿನ ಆಯಸ್ಸು ಎಷ್ಟೋ ಜಾಸ್ತಿಯಾಗುತ್ತದೆ.

ಆಮೇಲೆ ಸವೆತ ಅಳೆಯಿರಿ. ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ನಡುಭಾಗ ಬರಬೇಕು. ಒಂದೂವರೆ ಮಿ.ಮೀ. ಮುಂದೆ ಹೋಗಿದ್ದರೆ ಚೈನು ಬದಲಿಸಿ. ಮೂರು ಮಿ.ಮೀ. ಆಗಿದ್ದರೆ ಹಿಂದಿನ ಕ್ಯಾಸೆಟ್ಟೂ (ಹಿಂಬದಿಯ ಗೇರು ಹಲ್ಲುಚಕ್ರಗಳ ಗೊಂಚಲು) ಸವೆದಿರುತ್ತದೆ. ಮಲೆನಾಡಿನ ಮಳೆಯಲ್ಲಿ ಕೆಸರು ಹತ್ತಿದ ಚೈನು ಬೇಗ ಸವೆಯುತ್ತದೆ, ಅದನ್ನು ತೊಳೆದು, ಒರೆಸಿ, ಎಣ್ಣೆ ಬಿಡದೆ ಮಲಗಬೇಡಿ.

ಹೊಸ ಚೈನೂ ಉಳಿಯಲಿಲ್ಲ ಅಂದರೆ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಬಿಗಿಯಾದ ಕೊಂಡಿ ಡಿರೇಲರಿನ (ಹಿಂದೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಪುಟ್ಟ ಚಕ್ರದ ಹತ್ತಿರ ಎಗರುತ್ತದೆ. ಪೆಡಲಿನ ಬಳಿಯ ಹಲ್ಲುಚಕ್ರದ ಹಲ್ಲು ಬಾಗಿದೆಯಾ ಅಂತಲೂ ನೋಡಿ. ಸೈಕಲ್ ಬಲಕ್ಕೆ ಬಿದ್ದಿದ್ದರೆ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಒಳಕ್ಕೆ ವಾಲಿರಬಹುದು, ಅದನ್ನು ಅಂಗಡಿಯ ಅಳತೆ ಗೇಜಿನಲ್ಲೇ ನೆಟ್ಟಗೆ ಮಾಡಿಸಬೇಕು.

ಬ್ಯಾಗಿನಲ್ಲಿ ಚೈನ್ ಕಟರ್, ಎರಡು ಕ್ವಿಕ್ ಲಿಂಕ್ ಸದಾ ಇರಲಿ. ಕಾಡಿನ ದಾರಿಯಲ್ಲಿ ಹೊರಪಟ್ಟಿಯಷ್ಟೇ ಹೋಗಿದ್ದರೆ ಅದನ್ನು ತೆಗೆದು ಅದೇ ಜಾಗಕ್ಕೆ ಲಿಂಕ್ ಹಾಕಿ. ಒಳಪಟ್ಟಿಯೂ ಹಾಳಾಗಿದ್ದರೆ ಚೈನು ಒಂದು ಇಂಚು ಗಿಡ್ಡವಾಗುತ್ತದೆ. ಆಗ ಮನೆ ಸೇರುವವರೆಗೆ ಮುಂದೆ, ಹಿಂದೆ ಎರಡೂ ಕಡೆ ದೊಡ್ಡ ಹಲ್ಲುಚಕ್ರಕ್ಕೆ ಚೈನನ್ನು ಒಟ್ಟಿಗೆ ಹಾಕಬೇಡಿ.