ಬೆಚ್ಚುವ ಕುದುರೆಗೆ ಶಮನ ಪೂರಕ ಕೊಳ್ಳುವ ಮುನ್ನ

ಎಲೆ ಅಲುಗಿದರೂ ಪಕ್ಕಕ್ಕೆ ಹಾರುವ, ನೆಲದ ಮೇಲೆ ಬಿದ್ದ ಹಗ್ಗವನ್ನು ಕಂಡರೂ ಹೊಳ್ಳೆ ಅರಳಿಸಿ ನಿಂತುಬಿಡುವ ಕುದುರೆಯನ್ನು ಸಾಕಿದವರಿಗೆ ಆ ದಣಿವು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸವಾರಿಗೆ ಹೊರಡುವ ಮೊದಲೇ ಎದೆ ಡವಗುಟ್ಟುತ್ತದೆ. ಸವಾರರ ಅಳುಕು ತೊಡೆಯ ಬಿಗಿತದಿಂದಲೂ ಲಗಾಮಿನ ಎಳೆತದಿಂದಲೂ ಕುದುರೆಗೆ ತಿಳಿದು ಅದರ ಅಂಜಿಕೆ ಇನ್ನಷ್ಟು ಹೆಚ್ಚುತ್ತದೆ. ಅಂಥ ದಿನಗಳಲ್ಲಿ ಕುದುರೆಯನ್ನು ಶಾಂತಗೊಳಿಸುವ ಪುಡಿಯೆಂದು ಬರೆದ ಡಬ್ಬಿ ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದರತ್ತ ಹೋಗುತ್ತದೆ. ಲಾಯದ ಕೆಲಸದಲ್ಲಿ ಹಲವು ದಶಕ ಕಳೆದ ನಾನೂ ಹಾಗೆ ಕೊಂಡಿದ್ದೇನೆ. ಕುದುರೆಗೆ ಏನು ಕೊರತೆಯಿದೆಯೆಂದು ಮೊದಲು ಕಂಡುಕೊಂಡು ಕೊಟ್ಟಾಗ ಕೆಲವೊಮ್ಮೆ ಉಪಯೋಗವಾಗಿದೆ; ಡಬ್ಬಿಯ ಮೇಲಿನ ಮಾತನ್ನಷ್ಟೇ ನಂಬಿ ಕೊಟ್ಟಾಗ ಒಮ್ಮೆಯೂ ಆಗಿಲ್ಲ.

ಒಂದು ಗಂಡು ಕುದುರೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಅದು ಬಲಗಡೆಯಿಂದ ಏನು ಬಂದರೂ ಬೆದರುತ್ತಿತ್ತು, ಎಡಗಡೆಯಿಂದ ಬಂದದ್ದನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಒಂದರ ಹಿಂದೆ ಒಂದರಂತೆ ಮೂರು ಬಗೆಯ ಪುಡಿಗಳನ್ನು ತಿನ್ನಿಸಿದ ಮೇಲೆ ಬಂದ ಪಶುವೈದ್ಯರು ಕತ್ತಲೆ ಮಾಡಿದ ಕೋಣೆಯಲ್ಲಿ ದೀಪ ಹಿಡಿದು ನೋಡಿ, ಬಲಗಣ್ಣಿನಲ್ಲಿ ಹಳೆಯ ಉರಿಯೂತದ ಗುರುತುಗಳಿವೆಯೆಂದು ತೋರಿಸಿದರು. ಮರುಕಳಿಸುವ ಈ ಕಣ್ಣಿನ ಉರಿಯೂತವೇ ಕುದುರೆಗಳಲ್ಲಿ ಕುರುಡುತನಕ್ಕೆ ಮುಖ್ಯ ಕಾರಣ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಅದು ಸುಮಾರು 350 ಡಿಗ್ರಿಗಳಷ್ಟು ಸುತ್ತಲಿನ ನೋಟವನ್ನು ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಅದಕ್ಕೆ ಕಾಣದ ಜಾಗವಿದೆ. ಹೀಗೆ ಸುತ್ತಲೂ ಕಾವಲು ಕಾಯುವ ಪ್ರಾಣಿಗೆ ಒಂದು ಕಣ್ಣು ಮಸುಕಾದರೆ ಅದು ಬೆಚ್ಚದೆ ಇನ್ನೇನು ಮಾಡೀತು? ಬೆದರಿಕೆ ಒಂದೇ ಪಕ್ಕದಲ್ಲಿದ್ದರೆ, ಮುಸ್ಸಂಜೆಯಲ್ಲಿ ಅಥವಾ ಬಿಸಿಲಿನಿಂದ ನೆರಳಿಗೆ ಹೋಗುವಾಗ ಹೆಚ್ಚಾದರೆ, ಇಲ್ಲವೇ ಶಾಂತವಾಗಿದ್ದ ಕುದುರೆಯಲ್ಲಿ ಹಠಾತ್ತನೆ ಕಾಣಿಸಿಕೊಂಡರೆ, ಪೂರಕದ ಯೋಚನೆಯನ್ನು ಬದಿಗಿಟ್ಟು ವೈದ್ಯರನ್ನು ಕರೆಸಿರಿ. ಕಣ್ಣಿನ ಜೊತೆಗೆ ಹಲ್ಲು, ಬೆನ್ನು ಮತ್ತು ಜೀನಿನ ಅಳತೆಯನ್ನೂ ಅದೇ ದಿನ ನೋಡಿಸಿಬಿಡುವುದು ಒಳ್ಳೆಯದು.

ಇನ್ನು ಹೊಟ್ಟೆಯ ವಿಷಯಕ್ಕೆ ಬಂದರೆ, ಅಂಜುವ ಕುದುರೆಗಳಲ್ಲಿ ನಾನು ಹೆಚ್ಚಾಗಿ ಕಂಡ ತೊಂದರೆ ಇದೇ. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ಇರುಳೂ ಒಸರುತ್ತಲೇ ಇರುತ್ತದೆ, ಆದರೆ ಆಮ್ಲವನ್ನು ಹದಕ್ಕೆ ತರುವ ಜೊಲ್ಲು ಮೇವನ್ನು ಅಗಿಯುವಾಗ ಮಾತ್ರ ಸುರಿಯುತ್ತದೆ. ಬೆಳಿಗ್ಗೆ ಒಂದು ಕಂತೆ, ಸಂಜೆ ಒಂದು ಕಂತೆ ಹುಲ್ಲು ಹಾಕಿ ನಡುವೆ ಬರಿಹೊಟ್ಟೆಯಲ್ಲಿ ನಿಲ್ಲಿಸಿದರೆ ಜಠರದ ಮೇಲ್ಭಾಗದ ಒಳಪದರ ಸುಟ್ಟು ಹುಣ್ಣಾಗುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತುವ, ಹೊಟ್ಟೆ ಮುಟ್ಟಿದರೆ ಕಚ್ಚಲು ತಿರುಗುವ, ಧಾನ್ಯವನ್ನು ಅರ್ಧಕ್ಕೇ ಬಿಡುವ ಕುದುರೆ ಬೆಚ್ಚುವುದನ್ನೂ ಮಾಡುತ್ತಿದ್ದರೆ ಜಠರದರ್ಶಕ, ಅಂದರೆ ಹೊಟ್ಟೆಯ ಒಳಗನ್ನು ತೋರಿಸುವ ಕ್ಯಾಮರಾ ಕೊಳವೆ, ಇಳಿಸಿ ನೋಡಿಸಿರಿ. ಹುಣ್ಣಿಗೆ ಒಮೆಪ್ರಜೋಲ್ ಎಂಬ ಔಷಧವಿದೆ, ಅದನ್ನು ವೈದ್ಯರೇ ಬರೆದು ಕೊಡಬೇಕು. ಯಾವ ಶಮನ ಪುಡಿಯೂ ಆ ಕೆಲಸವನ್ನು ಮಾಡುವುದಿಲ್ಲ. ದಿನಕ್ಕೆ ಮೈತೂಕದ ಶೇಕಡ 1.5ರಷ್ಟಾದರೂ ಒಣ ಮೇವು, ಅಂದರೆ 500 ಕಿಲೋ ತೂಗುವ ಕುದುರೆಗೆ ಕನಿಷ್ಠ 7.5 ಕಿಲೋ ಒಣಪದಾರ್ಥ, ಬಿಡಿಬಿಡಿಯಾಗಿ ದಿನವಿಡೀ ಸಿಗುವಂತೆ ನೋಡಿಕೊಳ್ಳಿರಿ. ಧಾನ್ಯವನ್ನು ಇಳಿಸಿರಿ. ಪಿಷ್ಟ ಹೆಚ್ಚಾದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ. ಒಂದು ಹೊತ್ತಿಗೆ ಮೈತೂಕದ ಪ್ರತಿ ಕಿಲೋಗೆ 1 ಗ್ರಾಂ ಪಿಷ್ಟವನ್ನು ಮೀರದಿರುವುದು ಕ್ಷೇಮ. ಶಕ್ತಿ ಸಾಲದಿದ್ದರೆ ಆ ಭಾಗವನ್ನು ಎಣ್ಣೆ ಮತ್ತು ನಾರಿನ ಆಹಾರದಿಂದ ತುಂಬಿಸಬಹುದು. ಎಷ್ಟೋ ಕುದುರೆಗಳಲ್ಲಿ ಈ ಬದಲಾವಣೆಯಿಂದಲೇ ಪುಡಿಯ ಅಗತ್ಯ ಮುಗಿದುಹೋದದ್ದನ್ನು ನೋಡಿದ್ದೇನೆ.

ಸಂಗಾತಿ ಕುದುರೆ, ಬಯಲಿನಲ್ಲಿ ಓಡಾಟ ಮತ್ತು ನಿದ್ದೆ, ಈ ಮೂರನ್ನೂ ಗಮನಿಸಿರಿ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢವಾದ ಕನಸಿನ ನಿದ್ದೆಗೆ ಅದು ಮಲಗಲೇಬೇಕು. ಸುತ್ತಲಿನ ಜಾಗದ ಮೇಲೆ ಭರವಸೆಯಿಲ್ಲದ ಕುದುರೆ ದಿನಗಟ್ಟಲೆ ಮಲಗುವುದಿಲ್ಲ. ನಿದ್ದೆಗೆಟ್ಟ ಕುದುರೆಯ ಮೈಯಲ್ಲಿ ಹುಲ್ಲಿನ ಕಡ್ಡಿಯಾಗಲಿ ಲದ್ದಿಯ ಕಲೆಯಾಗಲಿ ಬೆಳಿಗ್ಗೆ ಕಾಣುವುದಿಲ್ಲ ಎಂಬ ಸಣ್ಣ ಗುರುತು ನನಗೆ ಹಲವು ಸಲ ದಾರಿ ತೋರಿಸಿದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕುದುರೆಯ ಸ್ವಭಾವವೇ ಪುಕ್ಕಲಾಗಿದ್ದರೆ ಪೂರಕವನ್ನು ಆರಿಸುವುದಕ್ಕೆ ಅರ್ಥವಿದೆ. ಹೆಚ್ಚು ಮಾರಾಟವಾಗುವುದು ಮೆಗ್ನೀಸಿಯಂ. ಈ ಖನಿಜ ಕಡಿಮೆಯಾದರೆ ಸ್ನಾಯುಗಳು ಅದುರುತ್ತವೆ, ಕುದುರೆ ಸಣ್ಣ ಸದ್ದಿಗೂ ಚಿಮ್ಮುತ್ತದೆ. ಆದ್ದರಿಂದ ನಿಜವಾಗಿ ಕೊರತೆಯಿರುವ ಕುದುರೆಗೆ ಅದು ನೆರವಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿರಿ. ಕೆಲಸವಿಲ್ಲದ ಕುದುರೆಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ ಸುಮಾರು 15 ಮಿಲಿಗ್ರಾಂ, ಅಂದರೆ 500 ಕಿಲೋ ಕುದುರೆಗೆ 7.5 ಗ್ರಾಂ ಮೆಗ್ನೀಸಿಯಂ ಬೇಕು. ಒಣಹುಲ್ಲಿನಲ್ಲಿ ಅದು ಶೇಕಡ 0.15ರಷ್ಟೇ ಇದ್ದರೂ 8 ಕಿಲೋ ಹುಲ್ಲಿನಿಂದ 12 ಗ್ರಾಂ ಒದಗುತ್ತದೆ. ಹುಲ್ಲನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಈ ಅಂಕಿ ನಿಮ್ಮ ಕೈಗೇ ಸಿಗುತ್ತದೆ, ಆಗ ಊಹೆಯ ಮೇಲೆ ತಿಂಗಳುಗಟ್ಟಲೆ ಹಣ ಸುರಿಯಬೇಕಾಗುವುದಿಲ್ಲ. ಕೊಡುವುದೇ ಆದರೆ ಡಬ್ಬಿಯಲ್ಲಿ ನಮೂದಿಸಿದ ತೂಕ ಶುದ್ಧ ಮೆಗ್ನೀಸಿಯಂನದೋ ಅಥವಾ ಅದರ ಸಂಯುಕ್ತದ್ದೋ ಎಂದು ಓದಿರಿ: ಮೆಗ್ನೀಸಿಯಂ ಆಕ್ಸೈಡ್‌ನಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಮೆಗ್ನೀಸಿಯಂ ಇರುತ್ತದೆ, ಎಪ್ಸಮ್ ಉಪ್ಪಿನಲ್ಲಿ ಹತ್ತನೇ ಒಂದು ಭಾಗವೂ ಪೂರ್ತಿ ಇರುವುದಿಲ್ಲ, ಜೊತೆಗೆ ಅದು ಭೇದಿ ಮಾಡಿಸುತ್ತದೆ. ಆರೋಗ್ಯವಂತ ಕುದುರೆಯ ಮೂತ್ರಪಿಂಡಗಳು ಹೆಚ್ಚಾದದ್ದನ್ನು ಹೊರಹಾಕುತ್ತವೆ. ಮೂತ್ರಪಿಂಡದ ತೊಂದರೆಯಿರುವ ಕುದುರೆಗೆ ಮಾತ್ರ ವೈದ್ಯರನ್ನು ಕೇಳದೆ ಒಂದು ಚಿಟಿಕೆಯನ್ನೂ ಕೊಡಬಾರದು.

ಎರಡನೆಯದು ಬಿ1 ಜೀವಸತ್ವ, ಅಂದರೆ ಥಯಮಿನ್. ಕುದುರೆಯ ಕರುಳಿನ ಸೂಕ್ಷ್ಮಜೀವಿಗಳೇ ಇದನ್ನು ತಯಾರಿಸುತ್ತವೆ, ಮೇವಿನಲ್ಲೂ ದೊರೆಯುತ್ತದೆ. ಬ್ರಾಕನ್ ಎಂಬ ಜರೀಗಿಡದಂಥ ಕೆಲವು ಕಳೆಗಳು ಥಯಮಿನ್ನನ್ನು ಒಡೆದುಹಾಕುತ್ತವೆ. ಅಂಥ ಕಳೆ ಬೆರೆತ ಹುಲ್ಲನ್ನು ತಿಂದ ಕುದುರೆ ನಡಿಗೆ ತಪ್ಪುತ್ತದೆ, ನಡುಗುತ್ತದೆ. ಅಲ್ಲಿ ಮೊದಲು ಆ ಹುಲ್ಲನ್ನು ಎಸೆಯಬೇಕು, ಚಿಕಿತ್ಸೆಯನ್ನು ವೈದ್ಯರಿಗೆ ಬಿಡಬೇಕು. ಬಾಯಿಂದ ಕೊಟ್ಟ ಬಿ1 ಹೆಚ್ಚಾದರೆ ಮೂತ್ರದಲ್ಲಿ ಹೋಗುವುದರಿಂದ ಅಪಾಯ ಕಡಿಮೆ, ಹಾಗಾಗಿ ಕೆಲವು ವಾರ ಪ್ರಯತ್ನಿಸಿ ನೋಡಲು ಅಡ್ಡಿಯಿಲ್ಲ.

ಟ್ರಿಪ್ಟೊಫಾನ್ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ಹೇಳುತ್ತೇನೆ. ಮೆದುಳಿನಲ್ಲಿ ಮನಸ್ಸನ್ನು ತಣಿಸುವ ಸೆರಟೋನಿನ್ ಇದರಿಂದಲೇ ತಯಾರಾಗುತ್ತದೆಂಬ ಮಾತು ಸರಿಯಾದದ್ದೇ. ಆದರೆ ಆಹಾರದ ಇತರ ಅಮೈನೋ ಆಮ್ಲಗಳೂ ಮೆದುಳಿನ ಅದೇ ಬಾಗಿಲಲ್ಲಿ ಪೈಪೋಟಿಗೆ ನಿಲ್ಲುವುದರಿಂದ ತಿನ್ನಿಸಿದ್ದರಲ್ಲಿ ಎಷ್ಟು ಒಳಹೋಯಿತೆಂದು ಹೇಳಲಾಗದು. ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ಕುದುರೆಗಳು ಶಾಂತವಾಗುವ ಬದಲು ಚುರುಕಾದದ್ದು ಕಂಡುಬಂದಿದೆ. ಬಾಯಿಂದ ಅತಿಯಾಗಿ ಕೊಟ್ಟರೆ ಕರುಳಿನ ಸೂಕ್ಷ್ಮಜೀವಿಗಳು ಅದನ್ನು ಮಾರ್ಪಡಿಸಿ, ಕೆಂಪು ರಕ್ತಕಣಗಳು ಒಡೆಯುವಷ್ಟು ಕೆಡುಕಾಗುತ್ತದೆ. ಆದ್ದರಿಂದ ಒಂದು ಚಮಚ ಸಾಲದೆಂದು ಎರಡು ಹಾಕುವ ಅಭ್ಯಾಸ ಈ ಪುಡಿಯಲ್ಲಿ ಎಂದಿಗೂ ಬೇಡ. ಹಾಲಿನ ಪ್ರೋಟೀನಿನಿಂದ ತೆಗೆದ ಆಲ್ಫಾ-ಕ್ಯಾಸೊಜೆಪೈನ್ ಹೊಸ ಲಾಯಕ್ಕೆ ಬಂದಾಗ, ಮರಿಯನ್ನು ತಾಯಿಯಿಂದ ಬಿಡಿಸುವಾಗ, ಗಾಡಿಯೇರಿಸಿ ದೂರ ಸಾಗಿಸುವಾಗ, ಹೀಗೆ ಕೆಲವೇ ದಿನದ ಒತ್ತಡಕ್ಕೆ ಸೌಮ್ಯವಾದ ಆಯ್ಕೆಯೆಂದು ನನಗೆ ತೋರಿದೆ.

ಗಿಡಮೂಲಿಕೆ ಎಂದಾಕ್ಷಣ ಹಾನಿಯಿಲ್ಲವೆಂದು ತಿಳಿಯುವವರು ಬಹಳ. ವಲೇರಿಯನ್ ಬೇರಿಗೆ ನಿದ್ದೆಗೂಡಿಸುವ ಗುಣವಿದೆ. ಆ ಕಾರಣಕ್ಕಾಗಿಯೇ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ಸ್ಪರ್ಧೆಗಳಲ್ಲಿ ಅದರ ಸಾರ ನಿಷೇಧಿತ ಪದಾರ್ಥಗಳ ಸಾಲಿನಲ್ಲಿದೆ. ಸ್ಪರ್ಧೆಗೆ ಹೋಗುವ ಕುದುರೆಗೆ ಕೊಡುವ ಪ್ರತಿ ಪುಡಿಯ ಪದಾರ್ಥಗಳನ್ನೂ ಒಕ್ಕೂಟವು ಪ್ರಕಟಿಸುವ ಪಟ್ಟಿಯ ಜೊತೆ ಹೋಲಿಸಿ ನೋಡಿ, ಡಬ್ಬಿಯ ತಯಾರಿಕಾ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ನೈಸರ್ಗಿಕ ಎಂಬ ಪದವಾಗಲಿ, ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲವೆಂಬ ಅಂಗಡಿಯವರ ಮಾತಾಗಲಿ ಅಲ್ಲಿ ನಿಮ್ಮನ್ನು ಕಾಯುವುದಿಲ್ಲ. ಕ್ಯಾಮೊಮೈಲ್ ಹೂವು ಬಳಕೆಯಲ್ಲಿ ಹಗುರವೆನಿಸಿದರೂ ಅದರ ಪರಿಣಾಮವನ್ನು ನಾನು ಸ್ಪಷ್ಟವಾಗಿ ಕಂಡದ್ದಿಲ್ಲ. ಹೆಣ್ಣು ಕುದುರೆ ಬೆದೆಯ ದಿನಗಳಲ್ಲಿ ಮಾತ್ರ ಕೆರಳುತ್ತಿದ್ದರೆ ಮೂಲಿಕೆಗಿಂತ ಮೊದಲು ಅಂಡಾಶಯದ ಪರೀಕ್ಷೆಯಾಗಲಿ. ಅದಕ್ಕೆ ವೈದ್ಯರು ಆಲ್ಟ್ರೆನೋಜೆಸ್ಟ್ ಬರೆದು ಕೊಟ್ಟರೆ ಮನೆಯಲ್ಲಿ ಬಸಿರಾಗುವ ವಯಸ್ಸಿನ ಹೆಂಗಸರು ಅದನ್ನು ಮುಟ್ಟದಿರಲಿ. ಚರ್ಮದ ಮೂಲಕವೇ ಒಳಸೇರುವ ಹಾರ್ಮೋನ್ ಅದು, ಕೈಗವಸು ತೊಟ್ಟು ಬೇರೆಯವರೇ ಕೊಡಬೇಕು.

ಎಂಟು ಹತ್ತು ಪದಾರ್ಥಗಳನ್ನು ಬೆರೆಸಿದ ಪುಡಿಯನ್ನು ನಾನು ಕೊಳ್ಳುವುದಿಲ್ಲ. ಗುಣ ಕಂಡರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ, ಮೈಗೆ ಒಗ್ಗದಿದ್ದರೆ ಯಾವುದನ್ನು ಬಿಡಬೇಕೆಂಬುದೂ ತಿಳಿಯುವುದಿಲ್ಲ; ಎಲ್ಲಕ್ಕೂ ಮಿಗಿಲಾಗಿ, ಒಂದೊಂದರ ಪ್ರಮಾಣವೂ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಇರುತ್ತದೆ. ಪ್ರತಿ ಪದಾರ್ಥದ ಮಿಲಿಗ್ರಾಂ ಲೆಕ್ಕವನ್ನು ಬರೆಯದೆ ‘ವಿಶೇಷ ಮಿಶ್ರಣ’ ಎಂದಷ್ಟೇ ಹೇಳುವ ಡಬ್ಬಿಯನ್ನು ಅಲ್ಲೇ ಬಿಟ್ಟುಬನ್ನಿರಿ. ಸೆಲೆನಿಯಂ ಇರುವ ಪೂರಕಗಳಲ್ಲಿ ಇನ್ನೂ ಜಾಗ್ರತೆ ಬೇಕು. 500 ಕಿಲೋ ಕುದುರೆಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಸಾಕಾಗುವ ಈ ಖನಿಜ ಸಿದ್ಧ ಆಹಾರದಲ್ಲೂ ಖನಿಜ ಮಿಶ್ರಣದಲ್ಲೂ ಶಮನ ಪುಡಿಯಲ್ಲೂ ಸೇರಿಕೊಂಡು ಬಂದರೆ, ಕಾಲಕ್ರಮದಲ್ಲಿ ಕುದುರೆಯ ಜೂಲು ಮತ್ತು ಬಾಲದ ಕೂದಲು ಉದುರಿ, ಗೊರಸುಗಳೇ ಸೀಳುವ ಮಟ್ಟಕ್ಕೆ ವಿಷವಾಗುತ್ತದೆ. ಮೂರು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಕೂಡಿಸಿ ನೋಡಿದ ಮೇಲೆಯೇ ನಾಲ್ಕನೆಯದನ್ನು ತನ್ನಿರಿ.

ಪ್ರಯೋಗ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಮೊದಲ ಎರಡು ವಾರ ಏನನ್ನೂ ಕೊಡದೆ, ದಿನಕ್ಕೆ ಎಷ್ಟು ಸಲ ಬೆಚ್ಚಿತು, ಯಾವುದಕ್ಕೆ, ಯಾವ ಪಕ್ಕದಲ್ಲಿ, ಮತ್ತೆ ತಲೆ ತಗ್ಗಿಸಿ ಉಸಿರು ಬಿಡಲು ಎಷ್ಟು ಹೊತ್ತಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಗಾಳಿ ಹೇಗಿತ್ತೆಂಬುದನ್ನೂ ಗುರುತು ಹಾಕಿರಿ, ಏಕೆಂದರೆ ಗಾಳಿ ಬೀಸುವ ದಿನ ಸದ್ದು ಎಲ್ಲಿಂದ ಬಂತೆಂದು ತಿಳಿಯದೆ ಎಲ್ಲ ಕುದುರೆಗಳೂ ಕಾತರಗೊಳ್ಳುತ್ತವೆ. ನಂತರ ಎದೆಯ ಸುತ್ತಳತೆಯಿಂದ ತೂಕ ತೋರಿಸುವ ಅಳತೆಪಟ್ಟಿಯಿಂದ ಮೈತೂಕ ಅಳೆದು, ಚೀಟಿಯಲ್ಲಿ ಹೇಳಿದಷ್ಟನ್ನೇ ನಾಲ್ಕು ವಾರ ಕೊಡಿರಿ. ಈ ಅವಧಿಯಲ್ಲಿ ತರಬೇತಿಯನ್ನು ನಿಲ್ಲಿಸಬಾರದು. ಅಂಜಿಕೆಯ ವಸ್ತುವನ್ನು ಕುದುರೆಗೆ ದೂರದಿಂದ ತೋರಿಸಿ, ಅದು ಕುತ್ತಿಗೆ ಸಡಿಲಿಸಿದ ಮೇಲಷ್ಟೇ ಒಂದು ಹೆಜ್ಜೆ ಹತ್ತಿರಕ್ಕೆ ಕರೆದೊಯ್ಯುವ ಕೆಲಸ ದಿನಕ್ಕೆ ಹತ್ತು ನಿಮಿಷವಾದರೂ ನಡೆಯಲಿ. ಪಶುವೈದ್ಯರ ಬಳಿ ಇರುವ ಮತ್ತಿನ ಔಷಧಗಳನ್ನು ಈ ಪೂರಕಗಳ ಬದಲಿಗೆ ಸವಾರಿಗೆ ಮುಂಚೆ ಕೊಡುವ ಯೋಚನೆ ಬೇಡ. ಮತ್ತಿನಲ್ಲಿರುವ ಕುದುರೆ ಎಡವುತ್ತದೆ, ಬೆಚ್ಚಿದಾಗ ಮುನ್ಸೂಚನೆಯಿಲ್ಲದೆ ಚಿಮ್ಮುತ್ತದೆ, ಕಲಿತದ್ದೂ ತಲೆಯಲ್ಲಿ ನಿಲ್ಲುವುದಿಲ್ಲ.

ನಾಲ್ಕು ವಾರ ಮುಗಿದ ಮೇಲೆ ಪುಡಿಯನ್ನು ನಿಲ್ಲಿಸಿ, ಇನ್ನೆರಡು ವಾರ ಬರೆಯುವುದನ್ನು ಮುಂದುವರಿಸಿರಿ. ಸಾಧ್ಯವಾದರೆ ಪುಡಿ ಯಾವಾಗ ನಿಂತಿತೆಂದು ಸವಾರಿ ಮಾಡುವವರಿಗೆ ತಿಳಿಸದೆ ಮನೆಯ ಇನ್ನೊಬ್ಬರು ಅದನ್ನು ನೋಡಿಕೊಳ್ಳಲಿ. ಪುಡಿ ಹೊಟ್ಟೆ ಸೇರಿದೆಯೆಂಬ ನಂಬಿಕೆಯಿಂದ ಸವಾರರ ಕೈ ಸಡಿಲವಾದರೆ ಕುದುರೆಯೂ ಸಡಿಲವಾಗುತ್ತದೆ, ಆ ಫಲ ಪುಡಿಯದಲ್ಲ. ಬಲಗಣ್ಣು ಮಸುಕಾದ ನನ್ನ ಕುದುರೆಗೆ ಕಡೆಗೆ ಬೇಕಾದದ್ದು ಇಷ್ಟೇ ಆಗಿತ್ತು: ಉರಿಯೂತ ಮರುಕಳಿಸಿದಾಗ ವೈದ್ಯರ ಕಣ್ಣಿನ ಮುಲಾಮು, ಬಿಸಿಲಿಗೆ ಮುಖದ ಜಾಲರಿ, ಮತ್ತು ಬಲಗಡೆಯಿಂದ ಹೋಗುವಾಗಲೆಲ್ಲ ಮೊದಲು ಹೆಸರು ಹಿಡಿದು ಕರೆದು ಆಮೇಲೆ ಮೈಮೇಲೆ ಕೈಯಿಡುವ ಒಬ್ಬರು.