ಬಳಚಿನ ಬುಟ್ಟಿ, ಸ್ಟಾರ್ ಚಾರ್ಟು

ಮಾರ್ಚ್ ಕೊನೆಗೆ ನಾವು ಶಿಕ್ಷಕರೆಲ್ಲ ಒಂದು ಕೆಲಸ ಮಾಡುತ್ತೇವೆ. ಹಾಜರಿ ಪಟ್ಟಿ ಮುಂದಿಟ್ಟುಕೊಂಡು ಮಕ್ಕಳ ಕೌಶಲಗಳಿಗೆ ಗ್ರೇಡ್ ತುಂಬುವುದು. ಸಹಕಾರ ಎ, ಸಂವಹನ ಬಿ. ಹೆಸರು ಓದಿದ ಕೂಡಲೇ ಮುಖ ನೆನಪಾದರೆ ಎ, ಆಗದಿದ್ದರೆ ಬಿ. ನಾನೂ ವರ್ಷಗಟ್ಟಲೆ ಹಾಗೇ ತುಂಬಿದವಳು.

ಆಮೇಲೆ ಸಿ.ಆರ್.ಪಿ. ಆದೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ (ಕ್ಲಸ್ಟರಿಗೆ) ಸಂಪನ್ಮೂಲ ವ್ಯಕ್ತಿ. ಕುಮಟಾ ತಾಲೂಕು, ಅಘನಾಶಿನಿ ಅಳಿವೆ ಪಕ್ಕದ ಕ್ಲಸ್ಟರು. ಮೊದಲ ಸಮಾಲೋಚನಾ ಸಭೆಗೆ ಭಾರೀ ತಯಾರಿ ಮಾಡಿಕೊಂಡು ಹೋಗಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ 10 ಜೀವನ ಕೌಶಲಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ ಒಂದೊಂದಾಗಿ ವಿವರಿಸಿದೆ. ಹಿಂದಿನ ಬೆಂಚಿನ ಹಿರಿಯ ಮಾಸ್ತರೊಬ್ಬರು ಕೈ ಎತ್ತಿದರು. "ಹತ್ತು ಕೌಶಲ, ಎರಡು ತರಗತಿ, ಮೂವತ್ಮೂರು ಮಕ್ಕಳು. ಅಕ್ಕೋರೆ, ಊಟ ಯಾವಾಗ ಮಾಡೂದು?"

ಎಲ್ಲರೂ ನಕ್ಕರು. ಅವರು ಹೇಳಿದ್ದು ಸರಿಯೇ ಇತ್ತು, ಅಲ್ವಾ?

ಹತ್ತನ್ನು ಬಿಟ್ಟೆವು. ಒಂದು ಟರ್ಮಿಗೆ ಒಂದೇ ಕೌಶಲ, ಮೊದಲಿಗೆ ಸಂವಹನ. ಜೇಬಿಗೆ ಹಿಡಿಸುವ ನೋಟ್‌ಬುಕ್ಕು. ದಿನಕ್ಕೆ ಮೂರೇ ಮಕ್ಕಳು, ಒಬ್ಬರಿಗೆ ಒಂದೇ ಸಾಲು. ಮೂವತ್ಮೂರು ಮಕ್ಕಳಿದ್ದರೆ ಹನ್ನೊಂದು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಷರತ್ತು ಒಂದೇ: ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆಯಬೇಕು. 'ಚುರುಕು', 'ಮಂದ', 'ಪರವಾಗಿಲ್ಲ' ಎಂದೆಲ್ಲ ಬರೆಯುವ ಹಾಗಿಲ್ಲ. ಮೊದಲ ತಿಂಗಳ ನೋಟ್‌ಬುಕ್ಕುಗಳ ತುಂಬ "ಚೆನ್ನಾಗಿ ಮಾತಾಡಿದ" ಎಂದೇ ಇತ್ತು. ಏನು ಮಾತಾಡಿದ, ಯಾರ ಹತ್ತಿರ ಎಂದು ಕೇಳಿದರೆ ಯಾರಿಗೂ ನೆನಪಿಲ್ಲ.

ಇದು ಬದಲಾದದ್ದು ಒಂದು ಬುಟ್ಟಿ ಬಳಚಿನಿಂದ, ಅಂದರೆ ಅಳಿವೆಯಲ್ಲಿ ಸಿಗುವ ಚಿಪ್ಪಿನ ಮೀನಿನಿಂದ. ಆರನೇ ತರಗತಿಯ ಗಣಿತದ ಅಕ್ಕೋರು ಮೀನು ಮಾರುಕಟ್ಟೆಯಿಂದ ತಂದಿದ್ದರು. ಪ್ರಶ್ನೆ ಸರಳ: ಚಿಪ್ಪು ಸಮೇತ ಒಂದು ಕಿಲೋ ಬಳಚಿನಲ್ಲಿ ಮಾಂಸ ಎಷ್ಟು ಸಿಗಬಹುದು? ನಾನು ಹಿಂದೆ ಕೂತಿದ್ದೆ. ಸುಮಾರು ಮಕ್ಕಳು ಅರ್ಧ ಕಿಲೋ ಅಂದರು. ಕಿಟಕಿ ಪಕ್ಕದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವನ ಹೆಸರಿನ ಮುಂದೆ ಹಿಂದಿನ ವರ್ಷ ಸಂವಹನಕ್ಕೆ ಸಿ ಬಿದ್ದಿತ್ತು. ತರಗತಿಯಲ್ಲಿ ಬಾಯಿ ಬಿಡದವನು. ಎದ್ದು ಬಂದು ಒಂದು ಬಳಚು ಕೈಗೆತ್ತಿಕೊಂಡ. "ಇದ್ರ ಒಳ್ಗೆ ನೀರು ಅದೆ. ಹೊಯ್ಗೆನೂ (ಮರಳು) ಅದೆ. ಈಗ ತೂಗಿದ್ರೆ ನೀರು ತೂಗ್ದಂಗೇ ಆತು. ರಾತ್ರೆ ನೀರಲ್ಲಿ ಇಟ್ರೆ ಹೊಯ್ಗೆ ಬಿಡ್ತದೆ." ಬೇಯಿಸುವ ಮೊದಲು ತೂಗಬೇಕಾ, ಆಮೇಲಾ ಎಂದು ಗುಂಪಿನಲ್ಲಿ ಜಗಳವೇ ಆಯಿತು. ಎರಡೂ ಸಲ ತೂಗೋಣ ಎಂದು ಅವನೇ ತೀರ್ಮಾನ ಕೊಟ್ಟ. ಮರುದಿನ ಬಿಸಿಯೂಟದ ಒಲೆಯಲ್ಲಿ ಬೇಯಿಸಿ ಬಿಡಿಸಿದಾಗ ಸಿಕ್ಕಿದ್ದು ನೂರ ಚಿಲ್ಲರೆ ಗ್ರಾಂ.

ಆ ಅಕ್ಕೋರು ನೋಟ್‌ಬುಕ್ ತೆಗೆದು ಅವನ ಮಾತನ್ನು ಇದ್ದ ಹಾಗೇ ಬರೆದುಕೊಂಡರು. ಆಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ನಾನು ಇಷ್ಟು ದಿನ ನೋಡಿದ್ದು ಇವ್ನ ಪುಸ್ತಕದ ಕನ್ನಡ ಮಾತ್ರ." ಮನೆಯಲ್ಲಿ ಕೊಂಕಣಿಯೋ ಹಾಲಕ್ಕಿ ಕನ್ನಡವೋ ಆಡುವ ಮಕ್ಕಳಿಗೆ ನಾವು ಸಂವಹನದ ಹೆಸರಲ್ಲಿ ಕೊಟ್ಟ ಸಿಗಳು ಎಷ್ಟೋ.

ಆಸಕ್ತಿ ಬೆಳೆಸುವ ವಿಷಯದಲ್ಲಿ ಮಾತ್ರ ನಾನೇ ಎಡವಿದೆ. ಮಕ್ಕಳು ಹೆಚ್ಚು ಓದಲಿ ಎಂದು ಬಣ್ಣದ ಸ್ಟಾರ್ ಚಾರ್ಟು ಮಾಡಿಸಿ ಎಲ್ಲ ಶಾಲೆಗೂ ಹಂಚಿದ್ದೆ; ಪುಸ್ತಕ ಓದಿದರೆ ಹೆಸರಿನ ಮುಂದೆ ಸ್ಟಾರ್. ಎರಡು ವಾರ ಹಬ್ಬ. ಆಮೇಲೆ ಗ್ರಂಥಾಲಯದ ಕಪಾಟಿನಲ್ಲಿ ಅತಿ ತೆಳುವಾದ ಪುಸ್ತಕಗಳೇ ಮಾಯ! ಒಬ್ಬಳಂತೂ ಗಿಡಕ್ಕೆ ನೀರು ಹಾಕಿ ಬಂದು, "ಇದ್ಕೆ ಸ್ಟಾರ್ ಅದ್ಯಾ?" ಅಂದಳು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ತೋರಿಸಿದ್ದರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಬಿಡಿಸಿದರು. ಒಂದೆರಡು ವಾರ ಕಳೆದ ಮೇಲೆ ನೋಡಿದರೆ ಆ ಮಕ್ಕಳು ಬಣ್ಣದ ಪೆನ್ನು ಹಿಡಿಯುವುದೇ ಕಮ್ಮಿಯಾಗಿತ್ತು. ನಾನಿದನ್ನು ಚಾರ್ಟು ಹಂಚುವ ಮೊದಲು ಓದಬೇಕಿತ್ತು, ಓದಿದ್ದು ಆಮೇಲೆ. ಮುಂದಿನ ಸಭೆಯಲ್ಲಿ ತಪ್ಪು ಒಪ್ಪಿಕೊಂಡೆ.

ಚಾರ್ಟು ತೆಗೆದ ಮೇಲೆ ಎರಡು ಕೆಲಸ ಮಾಡಿದೆವು. ಒಂದು, ಕೆಲಸದ ಆಯ್ಕೆ ಮಕ್ಕಳಿಗೇ ಬಿಟ್ಟೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಅಪ್ಪಂದಿರು ಮನೆಯಲ್ಲೇ ಇರುತ್ತಾರೆ. ಬಲೆ ರಿಪೇರಿ ಮಾಡುವವರನ್ನು ಮಾತಾಡಿಸಿ ಬರೆಯುತ್ತೇವೆ ಎಂದದ್ದು ಮಕ್ಕಳೇ. ಎರಡು, ಬರಹಕ್ಕೆ ಅಂಕವೂ ಇಲ್ಲ, 'ಗುಡ್' ಕೂಡ ಇಲ್ಲ, ಒಂದು ಸಾಲಿನ ಮಾತು ಮಾತ್ರ. ಒಬ್ಬ ಹುಡುಗಿಯ ಪುಟದಲ್ಲಿ ಆ ಮಾಸ್ತರು, ಊಟದ ಪ್ರಶ್ನೆ ಕೇಳಿದವರೇ, ಹೀಗೆ ಬರೆದಿದ್ದರು: "ಬಲೆ ಹರಿದದ್ದು ಹೇಗೆ ಅಂತ ನಿನ್ನ ಅಪ್ಪ ಹೇಳ್ಲಿಲ್ವಾ?" ಅವಳು ಮನೆಗೆ ಹೋಗಿ ಕೇಳಿಕೊಂಡು ಬಂದು, ಯಾರೂ ಹೇಳದೆಯೇ ಇನ್ನೊಂದು ಪುಟ ಬರೆದಳು.

ಎಲ್ಲ ಶಾಲೆಯಲ್ಲೂ ಇದು ನಿಂತಿಲ್ಲ. ಎರಡು ಕಡೆ ನೋಟ್‌ಬುಕ್ಕು ದಸರಾ ರಜೆಯೊಳಗೇ ಕಾಣೆಯಾಯಿತು. ಮಾರ್ಚಿನಲ್ಲಿ ಅಲ್ಲಿ ಮತ್ತೆ ಹಾಜರಿ ಪಟ್ಟಿ ನೋಡಿಯೇ ತುಂಬಿದರು. ಉಳಿದವರ ಹತ್ತಿರ ಗ್ರೇಡಿನ ಪಕ್ಕ ತೋರಿಸಲು ಐದಾರು ಸಾಲಾದರೂ ಇತ್ತು. ಬಳಚಿನ ಹುಡುಗನ ಸಾಲನ್ನು ಅಕ್ಕೋರು ಪೋಷಕರ ಸಭೆಯಲ್ಲಿ ಅವನ ಅಮ್ಮನಿಗೆ ಓದಿ ಹೇಳಿದರು. "ಅಷ್ಟೊಂದು ಮಾತಾಡ್ತ್ನಾ ಇವ ಇಲ್ಲಿ?" ಅಂದರು ಅವರು.