ಟ್ರಿಗರ್ ಒತ್ತದೆ ಕೈ ಇಳಿಸೋದನ್ನ ಪ್ರಾಕ್ಟೀಸ್ ಮಾಡೋದು ಹೇಗೆ?

ಏರ್ ಪಿಸ್ತೂಲ್ ಕಲಿಯೋಕೆ ಬರೋ ನಮ್ಮ ದಾವಣಗೆರೆ ಹುಡುಗ್ರು ಮೊದ್ಲು ಕೇಳೋದೇ ಟ್ರಿಗರ್ ಹೆಂಗೆ ಒತ್ಬೇಕು ಅಂತ. ನಾನು ಹೇಳೋದು, ಒತ್ತದೆ ಕೈ ಇಳಿಸೋದನ್ನ ಮೊದ್ಲು ಕಲೀರಿ. 10 ಮೀಟರ್ ಮ್ಯಾಚಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ರೆ 60 ಶಾಟ್‌ಗೆ 75 ನಿಮಿಷ, ಅಂದ್ರೆ ಒಂದಕ್ಕೆ ಒಂದೂಕಾಲು ನಿಮಿಷ ಸಿಗುತ್ತೆ, ಅಷ್ಟು ಟೈಮ್ ಇಟ್ಕೊಂಡು ನಡುಗೋ ಕೈಲಿ ಯಾಕೆ ಹೊಡೀಬೇಕು ಹೇಳ್ರಿ? ಟಾರ್ಗೆಟ್ ನಡುವೆ ಹತ್ತು ಪಾಯಿಂಟ್ ಸಿಗೋ ರಿಂಗ್ ಇರೋದೇ 11.5 ಮಿಲಿಮೀಟರ್, ಶರ್ಟ್ ಗುಂಡಿಯಷ್ಟು.

ಮೊದ್ಲು ಸೇಫ್ಟಿ. ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಡಬ್ಬಿ ಬೇರೆ ರೂಮಲ್ಲಿ ಇಡ್ರಿ, ಪಿಸ್ತೂಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡ್ರಿ, ಗಟ್ಟಿ ಗೋಡೆ ಕಡೆಗೇ ತಿರುಗಿಸ್ರಿ, ಎದುರಿಗೆ ಯಾರೂ ಓಡಾಡಬಾರ್ದು. ಬೇಸಿಗೆ ಮಧ್ಯಾಹ್ನ ಬೇಡ, ಅಂಗೈ ಬೆವತು ಗ್ರಿಪ್ ಜಾರುತ್ತೆ, ಬೆಳಗ್ಗೆನೇ ಮಾಡ್ರಿ.

ಈಗ ಬಿಳಿ ಗೋಡೆ ಮುಂದೆ ನಿಂತು ಡ್ರೈ ಫೈರ್, ಅಂದ್ರೆ ಪೆಲೆಟ್ ಇಲ್ದೆ ಖಾಲಿ ಪಿಸ್ತೂಲಲ್ಲಿ ಅಭ್ಯಾಸ. ಕೈ ಮೇಲೆತ್ತಿ ನಿಧಾನ ಇಳಿಸಿ ನಿಲ್ಲಿಸ್ರಿ, ಕಣ್ಣು ಮುಂದಿನ ಸೈಟ್ (ನಳಿಕೆ ತುದೀಲಿರೋ ಗುರಿ ಗುರುತು) ಮೇಲೇ ಇರ್ಲಿ. ಗಮನಿಸಿ ನೋಡಿ, ಮೊದ್ಲು ಸೈಟ್ ಓಲಾಡುತ್ತೆ, ಆಮೇಲೆ ಒಂದು ನಾಲ್ಕೈದು ಸೆಕೆಂಡು ತಣ್ಣಗೆ ನಿಲ್ಲುತ್ತೆ, ಅದಾದ್ಮೇಲೆ ಮತ್ತೆ ಸಣ್ಣಗೆ ನಡುಗೋಕೆ ಶುರು ಮಾಡುತ್ತೆ, ಸೈಟ್ ಅಂಚು ಮಂಜಾಗುತ್ತೆ, ಆಗ್ಲೇ ಮನಸ್ಸು "ಈಗ್ಲೇ ಒತ್ತಿಬಿಡು" ಅನ್ನೋದು. ಆ ಮಾತು ಬಂದ ಕ್ಷಣವೇ ಕೈ ಇಳಿಸ್ಬೇಕು. ಬೆರಳು ಟ್ರಿಗರ್ ಬಿಟ್ಟು ಹೊರಗೆ, ಪಿಸ್ತೂಲ್ ಟೇಬಲ್ ಮೇಲೆ, ಎರಡು ಉಸಿರು, ಮತ್ತೆ ಮೊದಲಿಂದ.

ಇದು ಒಬ್ಬರೇ ಮಾಡಿದ್ರೆ ಮೋಸ ಆಗುತ್ತೆ, ನಮಗೆ ನಾವೇ ರಿಯಾಯಿತಿ ಕೊಟ್ಕೋತೀವಿ. ತಂಗಿನೋ ಫ್ರೆಂಡೋ ಹಿಂದೆ ನಿಂತ್ಕೊಂಡು ಹತ್ತು ಸಲ ಕೈ ಎತ್ತಿದ್ರಲ್ಲಿ ಮೂರು ಸಲ, ಯಾವಾಗ ಅಂತ ಸುಳಿವು ಕೊಡದೆ, "ಅಣ್ಣಾ ಇಳಿಸು" ಅನ್ಲಿ. ಮೊದಮೊದ್ಲು ಬೆರಳು ಕೇಳಲ್ಲ, ಒತ್ತೇ ಬಿಡುತ್ತೆ. ಅಭ್ಯಾಸ ಬೇಕಿರೋದೇ ಅಲ್ಲಿ.

ರೇಂಜಲ್ಲಿ ಪೆಲೆಟ್ ಹಾಕಿ ಹೊಡೆಯುವಾಗ ಮಾನಿಟರ್ ನೋಡೋ ಮೊದ್ಲೇ ಶಾಟ್ ಎಲ್ಲಿ ಹೋಯ್ತು ಅಂತ ಬಾಯಲ್ಲಿ ಹೇಳ್ರಿ. ನೋಟ್‌ಬುಕ್ಕಲ್ಲಿ ಸ್ಕೋರ್ ಪಕ್ಕ ಎರಡು ಕಾಲಂ ಹಾಕ್ರಿ, ಒಂದು "ಇಳಿಸಿದೆ", ಇನ್ನೊಂದು "ಇಳಿಸಬೇಕಿತ್ತು, ಹೊಡೆದೆ". ನನ್ ಪ್ರಕಾರ ಎರಡನೇ ಕಾಲಂ ಸ್ಕೋರ್‌ಗಿಂತ ಮುಖ್ಯ. ಒಂದು ಶಾಟ್‌ಗೆ ಏಳೇ ಪಾಯಿಂಟ್ ಬಿದ್ರೆ ಮುಂದಿನ ಶಾಟಲ್ಲೇ ಸರಿ ಮಾಡ್ತೀನಿ ಅನ್ನೋ ಸಿಟ್ಟು ಬರುತ್ತಲ್ಲ, ಆಗ ಪಿಸ್ತೂಲ್ ಕೆಳಗಿಟ್ಟು ನೀರು ಕುಡೀರಿ, ಟೈಮ್ ಇದೆ. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 10 ಮೀಟರ್ ಏರ್ ಪಿಸ್ತೂಲ್ ಒಬ್ಬರೇ ಆಡಿ ಕಂಚು ಗೆದ್ದ ಫೈನಲಲ್ಲಿ ಮೊದಲ ಹತ್ತು ಶಾಟ್ ಆದ್ಮೇಲೆ ಒಂದೊಂದಕ್ಕೆ 50 ಸೆಕೆಂಡೇ, ಅಷ್ಟರಲ್ಲೂ ಒಂದ್ಸಲ ಕೈ ಇಳಿಸಿ ಎತ್ತೋಕೆ ಆಗುತ್ತೆ.

25 ಮೀಟರ್ ಪಿಸ್ತೂಲ್ ಸ್ಪರ್ಧೆ ಕಡೆ ಹೋಗೋ ಆಸೆ ಇರೋರಿಗೆ ಕೊನೇ ಡ್ರಿಲ್. ಅಲ್ಲಿನ ರ್ಯಾಪಿಡ್ ಸುತ್ತಲ್ಲಿ 7 ಸೆಕೆಂಡು ಕೈ ಕೆಳಗೆ 45 ಡಿಗ್ರಿಲಿ ಕಾಯ್ಬೇಕು, ಹಸಿರು ಲೈಟ್ ಬಂದ್ರೆ 3 ಸೆಕೆಂಡಲ್ಲಿ ಒಂದೇ ಶಾಟ್. ಮನೇಲಿ ಖಾಲಿ ಪಿಸ್ತೂಲ್ ಹಿಡ್ದು ನಿಲ್ರಿ, ಹಿಂದಿರೋರು "ಹಸಿರು" ಅಂದ್ರೆ ಎತ್ತಿ ಒತ್ತಿ, "ಕೆಂಪು" ಅಂದ್ರೆ ಕೈ ಅಲ್ಲಾಡಲೇಬಾರ್ದು. ಐದು ನಿಮಿಷ ಸಾಕು, ಭುಜ ಸೋತ ಮೇಲೆ ಮುಂದುವರಿಸಿದ್ರೆ ತಪ್ಪೇ ಅಭ್ಯಾಸ ಆಗುತ್ತೆ.